ರೈಲ್ವೆಯಾಟಗಳಲ್ಲಿ ಪ್ರಯಾಣಿಕನ ಸ್ಥಾನ: ಕುಂಭಾಶಿಯ ನೆಲದಲ್ಲೊಂದು ಪರೀಕ್ಷೆ

ಕುಂದಾಪುರದ ಸೀಮೆಯಲ್ಲಿ ‘ಆಟ’ವೆಂದರೆ ಯಕ್ಷಗಾನವೇ. ಈ ರಾತ್ರಿ ಆಟವುಂಟೆಂದು ಒಬ್ಬನು ಹೇಳಿದರೆ ಚೆಂಡೆಮದ್ದಳೆಗಳ ಹೊರತು ಬೇರೊಂದು ಅರ್ಥವು ಕೇಳಿದವನ ಮನಸ್ಸಿಗೆ ಬಾರದು. ಇಂದು ಅದೇ ಸೀಮೆಯ ಹುಡುಗರು ಗಣಕಯಂತ್ರದ ಮುಂದೆ ಕುಳಿತು ಆಡುವುದಕ್ಕೂ ‘ಆಟ’ವೆಂಬ ಹೆಸರೇ ಸಂದಿರುವುದು. ಹೆಸರಿನ ಈ ಸಾಮ್ಯವನ್ನು ಆಕಸ್ಮಿಕವೆಂದು ತಳ್ಳಿಬಿಡುವುದು ಸುಲಭ. ಆದರೆ ಅದರಿಂದ ವಿಮರ್ಶಕನಿಗೆ ಒಂದು ಉಪಕಾರವಾಗುವುದೆಂದು ನಮಗೆ ತೋರುತ್ತದೆ. ಯಕ್ಷಗಾನದಲ್ಲಿ ಕವಿಯು ಕಟ್ಟಿದ ಪ್ರಸಂಗವು ಪದ್ಯರೂಪವಾಗಿ ಮೊದಲೇ ನಿಂತಿರುವುದು. ಆ ಪದ್ಯಗಳಿಗೆ ಅರ್ಥವನ್ನು ವೇಷಧಾರಿಯು ಆಯಾ ರಾತ್ರಿ ತನ್ನ ಪ್ರತಿಭೆಗೆ ತಕ್ಕಂತೆ ತುಂಬುವನು. ಗಣಕಯಂತ್ರದ ಆಟದಲ್ಲಿಯೂ ನಿಯಮಗಳೆಂಬ ಪ್ರಸಂಗವನ್ನು ಒಬ್ಬನು ಮೊದಲೇ ರಚಿಸಿಟ್ಟಿರುವನು, ಆಡುವವನು ಅರ್ಥಧಾರಿ. ಒಬ್ಬ ಆಟಗಾರನ ಜಾಣ್ಮೆ ಪೆದ್ದತನಗಳನ್ನು ನೋಡಿ ಆಟದ ಯೋಗ್ಯತೆಯನ್ನು ನಿರ್ಣಯಿಸುವುದು, ವೇಷಧಾರಿಯ ಗಂಟಲು ಕಟ್ಟಿತೆಂದು ಪ್ರಸಂಗಕರ್ತನನ್ನು ಹಳಿದಂತಾಗುವುದು. ಪ್ರಸಂಗವನ್ನು ವಿಮರ್ಶಿಸುವವನು ಕೇಳಬೇಕಾದ ಪ್ರಶ್ನೆ ಬೇರೆ: ಇದರಲ್ಲಿ ಯಾವ ಯಾವ ಪಾತ್ರಕ್ಕೆ ಅರ್ಥ ಹೇಳಲು ಎಷ್ಟೆಷ್ಟು ಎಡೆಯನ್ನು ಬಿಟ್ಟಿದೆ?

ಇಂಥ ವಿಷಯವು ವಿದ್ವತ್ಪತ್ರಿಕೆಗೆ ತಕ್ಕುದೇ ಎಂದು ಶಂಕಿಸುವವರು ಇರಬಹುದು. ಬಯಲಾಟದ ವಿಷಯದಲ್ಲಿಯೂ ಇದೇ ಶಂಕೆ ಒಂದು ಕಾಲದಲ್ಲಿತ್ತು. ಕುಂಭಾಶಿಗೆ ಸಮೀಪದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಬರೆದ ‘ಯಕ್ಷಗಾನ ಬಯಲಾಟ’ವೆಂಬ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದ ಮೇಲೆ ಆ ಶಂಕೆಯನ್ನು ಬಾಯಿಬಿಟ್ಟು ಆಡುವವರು ಕಡಿಮೆಯಾದರು. ನಮ್ಮ ಶಾಲೆಗಳ ಮಕ್ಕಳು ಹಲವು ತಾಸುಗಳನ್ನು ಒಪ್ಪಿಸುವ ಒಂದು ರಚನೆಯು ಅವರಿಗೆ ಲೋಕವನ್ನು ಯಾವ ರೀತಿಯಲ್ಲಿ ತೋರಿಸುತ್ತಿದೆ ಎಂಬುದನ್ನು ಸಾಹಿತ್ಯದ ಅಧ್ಯಾಪಕರಲ್ಲದೆ ಮತ್ತಾರು ವಿಚಾರಿಸಬೇಕು?

ರೈಲುಮಾರ್ಗವನ್ನು ಹೂಡಿ ನಡೆಸುವ ಆಟಗಳ ವಂಶಾವಳಿಯನ್ನು ಸಂಕ್ಷೇಪವಾಗಿ ಹೇಳಬಹುದು. ಇಂಗ್ಲೆಂಡಿನ ಫ್ರಾನ್ಸಿಸ್ ಟ್ರೆಶಮ್ ಎಂಬವರು 1974ರಲ್ಲಿ ‘1829’ ಎಂಬ ಮಣೆಯಾಟವನ್ನು ಹೊರತಂದರು. ಅವರದೇ ಆದ ‘1830’ ಎಂಬ ಆಟವನ್ನು 1986ರಲ್ಲಿ ಅಮೆರಿಕದ ಅವಲಾನ್ ಹಿಲ್ ಸಂಸ್ಥೆಯು ಪ್ರಕಟಿಸಿತು. ಇವುಗಳಲ್ಲಿ ಕಂಬಿಗಳನ್ನು ಹಾಸುವುದಕ್ಕಿಂತ ಕಂಪನಿಗಳ ಪಾಲುಗಳನ್ನು ಕೊಂಡು ಮಾರುವುದೇ ಪ್ರಧಾನ. ಆ ಸಂಸ್ಥೆಯಲ್ಲಿ ಕೆಲಸಮಾಡಿದ್ದ ಬ್ರೂಸ್ ಶೆಲ್ಲಿಯವರು ಮುಂದೆ ಸಿಡ್ ಮೈಯರ್ ಅವರೊಡನೆ ಸೇರಿ ಮೈಕ್ರೊಪ್ರೋಸ್ ಸಂಸ್ಥೆಗಾಗಿ 1990ರಲ್ಲಿ ‘ರೇಲ್‌ರೋಡ್ ಟೈಕೂನ್’ ಎಂಬ ಗಣಕಯಂತ್ರದ ಆಟವನ್ನು ರಚಿಸಿದರು. 1994ರಲ್ಲಿ ಕ್ರಿಸ್ ಸಾಯರ್ ಅವರ ‘ಟ್ರಾನ್ಸ್‌ಪೋರ್ಟ್ ಟೈಕೂನ್’ ಬಂದಿತು. ಮರುವರ್ಷ ಅದರ ವಿಸ್ತೃತ ಪಾಠವೂ ಹೊರಟಿತು. ಆ ವಿಸ್ತೃತ ಪಾಠವನ್ನು ಆಧರಿಸಿ 2004ರಲ್ಲಿ ಹುಟ್ಟಿದ ‘ಓಪನ್ ಟಿಟಿಡಿ’ಯು ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆದು ಆಡಬಹುದಾದ, ಬಲ್ಲವರು ತಿದ್ದಿ ಬೆಳಸಬಹುದಾದ ಕೃತಿ. ವ್ಯಾಸಭಾರತಕ್ಕೆ ಎಷ್ಟು ಕೈಗಳು ಸೇರಿದುವೆಂದು ನಾವು ಚರ್ಚಿಸುತ್ತಿರುವೆವು. ಇದಕ್ಕೆ ಸೇರಿದ ಕೈಗಳ ಲೆಕ್ಕವಾದರೋ ಬರಹದಲ್ಲಿಯೇ ಉಳಿದಿದೆ. ಈ ಪ್ರಬಂಧದಲ್ಲಿ ಮುಖ್ಯವಾಗಿ ಪರಿಶೀಲಿಸುವುದು ಇದನ್ನೇ. ವಾಚಕರು ಬಯಸಿದರೆ ನಮ್ಮ ಮಾತನ್ನು ತಾವೇ ಪರೀಕ್ಷಿಸಿಕೊಳ್ಳಬಹುದೆಂಬುದೇ ಈ ಆಯ್ಕೆಗೆ ಕಾರಣ.

‘ಟೈಕೂನ್’ ಎಂಬ ಶಬ್ದದ ಮೇಲೆ ಒಂದು ಮಾತು. ಇದು ಇಂಗ್ಲಿಷಿನ ಸ್ವಂತ ಶಬ್ದವಲ್ಲ. ಜಪಾನೀ ಭಾಷೆಯ ‘ತೈಕುನ್’, ಎಂದರೆ ಮಹಾಪ್ರಭು, ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ಆ ದೇಶದ ಶೋಗುನರಿಗೆ ಪರದೇಶೀಯರೊಡನೆ ವ್ಯವಹರಿಸುವಲ್ಲಿ ಬಳಕೆಯಾಗಿದ್ದು, ಮುಂದೆ ಅಮೆರಿಕದಲ್ಲಿ ದೊಡ್ಡ ಉದ್ಯಮಿಗಳನ್ನು ಹೇಳುವ ಮಾತಾಯಿತು. ಕರಾವಳಿಯವರು ಇದಕ್ಕೆ ಅನುವಾದವನ್ನು ಹುಡುಕಬೇಕಾಗಿಲ್ಲ. ‘ಧಣಿ’ ಎಂದರೆ ಸಾಕು. ಪ್ರಭುತ್ವ, ಐಶ್ವರ್ಯ, ನೆಲದ ಒಡೆತನ, ಎದುರಿಗೆ ನಿಂತವನು ಮಾತನಾಡದಿರುವುದು, ಈ ನಾಲ್ಕೂ ಆ ಒಂದು ಶಬ್ದದಲ್ಲಿ ಅಡಗಿವೆ.

‘ರೇಲ್‌ರೋಡ್ ಟೈಕೂನ್’ ಪ್ರಕಟವಾದ 1990ನೆಯ ವರ್ಷದಲ್ಲಿಯೇ, ಜುಲೈ ತಿಂಗಳಲ್ಲಿ, ಕೊಂಕಣ ರೈಲ್ವೆ ನಿಗಮವು ಸ್ಥಾಪಿತವಾಯಿತು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು ಆಗ ರೈಲ್ವೆ ಮಂತ್ರಿಗಳು. ನಿಗಮದ ಅಧ್ಯಕ್ಷಪದವಿಗೆ ಬಂದವರು ಇ. ಶ್ರೀಧರನ್. ಬಂಡವಾಳದಲ್ಲಿ ಭಾರತೀಯ ರೈಲ್ವೆಗೆ 51, ಮಹಾರಾಷ್ಟ್ರಕ್ಕೆ 22, ಕರ್ನಾಟಕಕ್ಕೆ 15, ಗೋವಾ ಕೇರಳಗಳಿಗೆ ಆರಾರು, ಹೀಗೆ ನೂರಕ್ಕೆ ಪಾಲುಗಳು ಏರ್ಪಟ್ಟುವು. ಕೆಂಪು ಕಲ್ಲಿನ ಗುಡ್ಡಗಳನ್ನು ಕಡಿದು, ತೊಂಬತ್ತಕ್ಕೂ ಮಿಕ್ಕ ಸುರಂಗಗಳನ್ನು ಕೊರೆದು, ಹೊನ್ನಾವರದ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯನ್ನು ಕಟ್ಟಿ, ರೋಹಾದಿಂದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರು ಹಾಸಿದ ಈ ದಾರಿಯಲ್ಲಿ ತೋಕೂರು ಉಡುಪಿಗಳ ನಡುವಣ ಭಾಗವು 1993ರ ಮಾರ್ಚಿಯಲ್ಲಿ ತೆರೆಯಿತು. ಇಡೀ ಮಾರ್ಗವು 1998ರ ಜನವರಿ 26ರಂದು ಸಂಚಾರಕ್ಕೆ ಒಪ್ಪಿತವಾಯಿತು. ಮಂಗಳೂರಿಗೆ ತೆಂಕಣಿಂದ ರೈಲು ಬಂದುದು 1907ರಲ್ಲಿ. ಅಲ್ಲಿಂದ ತೊಂಬತ್ತು ಕಿಲೋಮೀಟರಿನಷ್ಟು ಬಡಗಣ ಕುಂದಾಪುರಕ್ಕೆ ಬರಲು ಅದಕ್ಕೆ ಹೆಚ್ಚುಕಡಿಮೆ ತೊಂಬತ್ತು ವರ್ಷಗಳು ಹಿಡಿದುವು. ವರ್ಷಕ್ಕೊಂದು ಕಿಲೋಮೀಟರು! ಆಟದಲ್ಲಿ ಇಷ್ಟು ದೂರವನ್ನು ಒಂದು ಮಧ್ಯಾಹ್ನದೊಳಗೆ ಮುಗಿಸಬಹುದು.

ಇನ್ನು ಪರೀಕ್ಷೆಗೆ ಬರುವೆವು. ಆಟದೊಡನೆ ಬರುವ ಭೂಪಟರಚನೆಯ ವಿಭಾಗದಲ್ಲಿ ಆಡುವವನು ತನಗೆ ಬೇಕಾದ ಬೆಟ್ಟ, ಹೊಳೆ, ಊರುಗಳನ್ನು ಇಟ್ಟುಕೊಳ್ಳಬಹುದು. ಈ ಲೇಖಕನು ಬೈಂದೂರಿನಿಂದ ಬ್ರಹ್ಮಾವರದವರೆಗಿನ ತೀರವನ್ನು ಸ್ಥೂಲವಾಗಿ ಹಾಗೆ ರಚಿಸಿಕೊಂಡು ಆಡಿದನು. ಪಡುವಣದಲ್ಲಿ ಕಡಲು, ಗಂಗೊಳ್ಳಿಯ ಅಳಿವೆ, ತೀರದ ಗುಂಟ ಹೆದ್ದಾರಿ, ಅದರ ಮೇಲೆ ಕೋಟೇಶ್ವರ, ಕುಂಭಾಶಿ, ತೆಕ್ಕಟ್ಟೆ, ಕೋಟ, ಸಾಲಿಗ್ರಾಮ. ಮೂಡಣಕ್ಕೆ ಸರಿದು ರೈಲುದಾರಿ. ನೆಲವನ್ನು ಬಲ್ಲ ವಾಚಕರಿಗೆ ತಿಳಿದಿರುವಂತೆ ನಿಜವಾದ ಕೊಂಕಣ ರೈಲ್ವೆಯಲ್ಲಿ ಕುಂಭಾಶಿಗೆ ನಿಲ್ದಾಣವಿಲ್ಲ. ಬಡಗಣದಲ್ಲಿ ಕುಂದಾಪುರದ ನಿಲ್ದಾಣವು ಪೇಟೆಯಲ್ಲಿರದೆ ಮೂಡ್ಲಕಟ್ಟೆಯಲ್ಲಿದೆ, ತೆಂಕಣದಲ್ಲಿ ಬಾರಕೂರಿನದು. ಪರಶುರಾಮಕ್ಷೇತ್ರದ ಏಳು ಮುಕ್ತಿಸ್ಥಳಗಳಲ್ಲಿ ಒಂದೆಂದು ಎಣಿಸಲ್ಪಟ್ಟ ಈ ಊರಿಗೆ, ಆನೆಗುಡ್ಡೆಯ ವಿನಾಯಕನ ದರ್ಶನಕ್ಕೆ ರೈಲಿನಲ್ಲಿ ಬರುವವರು, ಎರಡರಲ್ಲೊಂದು ಕಡೆ ಇಳಿದು ಮುಂದಣ ದಾರಿಯನ್ನು ಬಸ್ಸಿನಲ್ಲಿಯೋ ರಿಕ್ಷಾದಲ್ಲಿಯೋ ಸಾಗಿಸಬೇಕು.

ಆಟದ ಪ್ರಸಂಗಕರ್ತನು ಈ ಸಂಗತಿಯನ್ನು ಹೇಗೆ ನೋಡುವನು? ಅವನ ಲೋಕದಲ್ಲಿ ರೈಲು ನಿಲ್ದಾಣವೊಂದು ತನ್ನ ಸುತ್ತಲಿನ ನಾಲ್ಕು ಚೌಕಗಳವರೆಗಿನ ಮನೆಗಳಿಂದ ಜನರನ್ನು ಸೆಳೆದುಕೊಳ್ಳುವುದು. ಗಾಡಿಯು ಬಂದು ಅವರನ್ನು ತುಂಬಿಕೊಂಡು ಬೇರೊಂದು ನಿಲ್ದಾಣದಲ್ಲಿ ಇಳಿಸಿದೊಡನೆ ಧಣಿಗೆ ಹಣ ಸಲ್ಲುವುದು. ಆ ಹಣಕ್ಕೆ ಸೂತ್ರವೊಂದುಂಟು: ಇಳಿಸಿದವರ ಸಂಖ್ಯೆ, ಎರಡು ನಿಲ್ದಾಣಗಳ ನಡುವಣ ದೂರ, ಕಳೆದ ಕಾಲ, ಈ ಮೂರರಿಂದ ಅದು ಸಿದ್ಧವಾಗುವುದು. ಕಾಲ ಹೆಚ್ಚಿದಷ್ಟೂ ಹಣ ಇಳಿಯುವುದು. ಕಲ್ಲಿದ್ದಲಿಗೆ ಈ ಇಳಿತ ನಿಧಾನ, ಮನುಷ್ಯರಿಗೆ ತೀವ್ರ. ದೂರವನ್ನು ಕಂಬಿಯ ಉದ್ದದಿಂದ ಅಳೆಯದೆ, ಭೂಪಟದ ಚೌಕಗಳನ್ನು ಅಡ್ಡಕ್ಕೂ ಉದ್ದಕ್ಕೂ ಎಣಿಸಿ ಅಳೆಯುವರು. ಆದ್ದರಿಂದ ಗುಡ್ಡವನ್ನು ಬಳಸಿಹೋದವನಿಗೆ ಆ ಬಳಸಿಗಾಗಿ ಕಾಸೂ ಹೆಚ್ಚು ಹುಟ್ಟದು. (ಕೊಂಕಣ ರೈಲ್ವೆಯವರು ಹೂಡಿದ ಹಣವನ್ನು ಮರಳಿ ಪಡೆಯುವ ಸಲುವಾಗಿ ನಿಜವಾದ ದೂರಕ್ಕಿಂತ ಹೆಚ್ಚಿನ ದೂರವನ್ನು ಲೆಕ್ಕಹಿಡಿದು ದರವನ್ನು ಕಟ್ಟಿದರೆಂಬುದನ್ನು ಇಲ್ಲಿ ನೆನೆಯಬಹುದು. ನಿಜವಾದ ಧಣಿಯ ಲೆಕ್ಕವು ಆಟದ ಧಣಿಯದಕ್ಕಿಂತ ಚತುರವಾದುದು.) ಸೂತ್ರವು ಸರಳವಾದುದು, ಚೆಲುವಾದುದೂ ಹೌದು. ಆದರೆ ಅದರಲ್ಲಿ ಒಂದು ಪದವಿಲ್ಲ. ಇಳಿದವನು ಎಲ್ಲಿಗೆ ಹೋಗಬೇಕೆಂದಿದ್ದನು ಎಂಬ ಪ್ರಶ್ನೆಗೆ ಅದರಲ್ಲಿ ಎಡೆಯೇ ಇಲ್ಲ.

ಇದು ಉತ್ಪ್ರೇಕ್ಷೆಯಲ್ಲ. ಮೂಲದ ನಿಯಮದಲ್ಲಿ ಕುಂದಾಪುರದಲ್ಲಿ ಹತ್ತಿದವನನ್ನು ಬೈಂದೂರಿನಲ್ಲಿ ಇಳಿಸಿದರೂ ಸರಿ, ಬಾರಕೂರಿನಲ್ಲಿ ಇಳಿಸಿದರೂ ಸರಿ. ಅವನು ತಕರಾರಿಲ್ಲದೆ ಇಳಿದು, ದೂರಕ್ಕೆ ತಕ್ಕ ಹಣವನ್ನು ಕೊಟ್ಟು, ಅಲ್ಲಿಯೇ ಕರಗಿಹೋಗುವನು. ಅವನಿಗೆ ಮರಳುವ ಮನೆಯೂ ಇಲ್ಲ. ಇದರಿಂದ ಜಾಣನಾದ ಆಟಗಾರನು ಬೇಗನೆ ಕಲಿಯುವ ನೀತಿಯೆಂದರೆ ಹತ್ತಿರದ ಊರುಗಳನ್ನು ಸೇರಿಸಬಾರದೆಂಬುದು. ಕೋಟೇಶ್ವರದಿಂದ ಕುಂಭಾಶಿಗೆ ಜನರನ್ನು ಒಯ್ಯುವುದು ನಷ್ಟದ ವ್ಯಾಪಾರ. ಅವರನ್ನೇ ಭೂಪಟದ ಇನ್ನೊಂದು ಅಂಚಿಗೆ ಒಯ್ದರೆ ಲಾಭ. ಹೀಗೆ ನಮ್ಮ ಪಟದಲ್ಲಿ ಕುಂಭಾಶಿಗೆ ನಿಲ್ದಾಣವನ್ನು ಕಟ್ಟಿದರೂ ಅದು ಕುಂಭಾಶಿಗೆ ಬರುವವರಿಗಾಗಿ ಇರಲಿಲ್ಲ, ಅಲ್ಲಿಂದ ಯಾರನ್ನಾದರೂ ಎತ್ತಿಕೊಂಡು ದೂರಕ್ಕೆ ಎಸೆಯುವುದಕ್ಕಾಗಿ ಇತ್ತು. ತೀರ್ಥಯಾತ್ರೆಯೆಂಬುದಕ್ಕೆ ಇದಕ್ಕಿಂತ ನೇರವಾದ ವಿಪರ್ಯಾಸವನ್ನು ಯಾವ ಪ್ರಹಸನಕಾರನೂ ಕಲ್ಪಿಸಿರಲಾರನು. ಹರಕೆ ಹೊತ್ತವನಿಗೆ ಗುರಿಯೇ ಮೊದಲು, ದಾರಿ ಆಮೇಲೆ. ಇಲ್ಲಿ ದಾರಿಯುಂಟು, ಗುರಿಯಿಲ್ಲ. ತುಲಾಭಾರಕ್ಕೆಂದು ಬೆಲ್ಲವನ್ನು ಕಟ್ಟಿಕೊಂಡು ಹೊರಟವನು ಗಾಡಿಯ ಮರ್ಜಿಯಂತೆ ಬೈಂದೂರಿನಲ್ಲಿ ಇಳಿದು ತೃಪ್ತನಾಗಬೇಕು!

ಸೂತ್ರಕ್ಕೆ ಹಬ್ಬಗಳೂ ತಿಳಿಯವು. ಸಂಕಷ್ಟಿಯ ದಿನ, ಚೌತಿಯ ದಿನ ಆನೆಗುಡ್ಡೆಯಲ್ಲಿ ಸೇರುವ ಜನವೂ, ಕೋಟೇಶ್ವರದ ಕೊಡಿಹಬ್ಬಕ್ಕೆ ನೆರೆಯುವ ಜನವೂ ಆಟದ ಲೆಕ್ಕದಲ್ಲಿ ಇಲ್ಲ. ಊರಿನ ಮನೆಗಳ ಎಣಿಕೆಗೆ ತಕ್ಕಂತೆ ತಿಂಗಳು ತಿಂಗಳೂ ಹೆಚ್ಚುಕಡಿಮೆ ಒಂದೇ ಸಮನಾಗಿ ಪ್ರಯಾಣಿಕರು ಉತ್ಪನ್ನವಾಗುವರು. ಆಟದ ಮಾತಿನಲ್ಲಿಯೂ ಅವರು ‘ಸರಕು’ಗಳ ಪಟ್ಟಿಗೇ ಸೇರಿದವರು, ರಬ್ಬರು, ತಾಮ್ರದ ಅದಿರು, ಹಣ್ಣು, ಜೋಳ, ವಜ್ರ, ಇವುಗಳ ಸಾಲಿನಲ್ಲಿ ಪ್ರಯಾಣಿಕರೂ ಒಂದು ಹೆಸರು. ಉಷ್ಣವಲಯದ ಈ ಪಟ್ಟಿಯಲ್ಲಿ ವಜ್ರವಿದ್ದು ಮೀನಿಲ್ಲವೆಂಬುದನ್ನು ಗಂಗೊಳ್ಳಿಯವರು ಕ್ಷಮಿಸಲಾರರು. ಆಟಗಾರರೇ ಕೂಡಿ ರಚಿಸಿದ ಕೈಗಾರಿಕೆಗಳ ಅನುಬಂಧವೊಂದರಲ್ಲಿ ಮೀನುಗಾರಿಕೆಯ ಬಂದರನ್ನು ಸೇರಿಸಿರುವುದರಿಂದ ಆ ಕೊರತೆಯು ನೀಗಿದೆಯೆನ್ನಬಹುದು.

ಪ್ರಯಾಣಿಕನ ಗುರಿಯ ವಿಷಯದಲ್ಲಿಯೂ ತಿದ್ದುಪಾಟು ನಡೆದಿರುವುದನ್ನು ಮುಚ್ಚಿಡುವುದು ನ್ಯಾಯವಲ್ಲ. 2014ರ ಆವೃತ್ತಿಯಿಂದ ಸರಕಿಗೂ ಪ್ರಯಾಣಿಕರಿಗೂ ಗಮ್ಯಸ್ಥಾನವನ್ನು ನಿಯಮಿಸುವ ಏರ್ಪಾಡೊಂದನ್ನು ಸೇರಿಸಿರುವರು. ಬೇಕೆನಿಸಿದವರು ಅದನ್ನು ಚಾಲ್ತಿಗೆ ತಂದುಕೊಳ್ಳಬಹುದು. ಹಾಗೆ ಮಾಡಿದಾಗ ಆಟದ ಸ್ವಭಾವವೇ ಬದಲಾಗುವುದನ್ನು ಕಂಡು ನಮಗೆ ಸಂತೋಷವಾಯಿತು. ಕುಂದಾಪುರದಲ್ಲಿ ಹತ್ತಿದವರಲ್ಲಿ ಕೆಲವರು ಈಗ ಕುಂಭಾಶಿಗೇ ಹೋಗಬೇಕೆನ್ನುವರು. ಅಲ್ಲಿಗೆ ನೇರವಾದ ಗಾಡಿಯಿಲ್ಲದಿದ್ದರೆ ನಡುವೆ ಇಳಿದು ಇನ್ನೊಂದನ್ನು ಕಾಯುವರು. ಬಂದವರಷ್ಟೇ ಜನ ಮರಳುವರು. ಹಿಂದೆ ಒಂದೊಂದೇ ದಾರಿಯ ಲಾಭವನ್ನು ಬೇರೆ ಬೇರೆಯಾಗಿ ಎಣಿಸುತ್ತಿದ್ದ ಧಣಿಯು ಇಡೀ ಸೀಮೆಯನ್ನು ಒಂದು ಬಲೆಯಂತೆ ಕಾಣಬೇಕಾಗುವುದು. ಆದರೂ ಆ ಗಮ್ಯವನ್ನು ಹಂಚುವುದು ಆಟದ ಲೆಕ್ಕವೇ ಹೊರತು ಪ್ರಯಾಣಿಕನ ಇಚ್ಛೆಯಲ್ಲ. ಧಣಿಯು ಕಂಬಿಯನ್ನು ಹಾಸದ ಊರಿಗೆ ಹೋಗಬೇಕೆಂದು ಯಾರಿಗೂ ತೋರುವುದೇ ಇಲ್ಲ. ನಿಜವಾದ ಕುಂಭಾಶಿಯ ಸ್ಥಿತಿ ಇದಕ್ಕೆ ತದ್ವಿರುದ್ಧ: ಅಲ್ಲಿ ನಿಲ್ದಾಣವಿಲ್ಲ, ಜನ ಬರುವುದು ನಿಂತಿಲ್ಲ.

ಪ್ರಯಾಣಿಕನಿಗಿಂತ ಮೂಕವಾದ ಇನ್ನೊಂದು ಪಾತ್ರವು ಈ ಪ್ರಸಂಗದಲ್ಲಿ ಉಂಟು. ಅದು ನೆಲದ ಒಕ್ಕಲು. ಆಟದಲ್ಲಿ ಹೊಲದ ಮೇಲೆ ಕಂಬಿಯನ್ನು ಎಳೆದರೆ ಒಂದಿಷ್ಟು ಹಣ ಕಳೆಯುವುದು, ಹೊಲ ಮಾಯವಾಗುವುದು. ಆ ಹಣವು ಯಾರಿಗೆ ಹೋಯಿತೆಂದು ಕೇಳಬಾರದು. ಅದು ನೆಲವನ್ನು ಸಮಮಾಡುವ ಖರ್ಚು, ನೆಲದವನಿಗೆ ಕೊಟ್ಟ ಬೆಲೆಯಲ್ಲ. ಕೊಂಕಣ ರೈಲ್ವೆಯ ದಾರಿಗಾಗಿ ನಲವತ್ತು ಸಾವಿರಕ್ಕೂ ಮಿಕ್ಕ ಭೂಮಾಲಿಕರೊಡನೆ ವ್ಯವಹರಿಸಬೇಕಾಯಿತು. ಮೂಲಗೇಣಿ ಚಾಲಗೇಣಿಗಳ ನಾಡಾದ ನಮ್ಮ ಜಿಲ್ಲೆಯಲ್ಲಿ, 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣೆಯ ಶಾಸನದಿಂದ ಉಳುವ ಒಕ್ಕಲುಗಳೇ ಒಡೆಯರಾಗಿದ್ದುದನ್ನು ನೆನೆದರೆ, ತುಂಡು ತುಂಡು ಗದ್ದೆಗಳಿಗೆ ಅಷ್ಟು ಮಂದಿ ಸಹಿ ಹಾಕಬೇಕಾದುದರಲ್ಲಿ ಆಶ್ಚರ್ಯವಿಲ್ಲ. ಇಪ್ಪತ್ತು ವರ್ಷ ಮುಂಚೆ ಈ ದಾರಿ ಬಂದಿದ್ದರೆ ಧಣಿಗಳು ಧಣಿಗಳೊಡನೆ ಮಾತಾಡಿ ಮುಗಿಸುತ್ತಿದ್ದರೋ ಏನೋ. ಗೋವೆಯಲ್ಲಿಯಂತೂ ಖಾಜನ ಭೂಮಿಗಳೂ ಹಳೆಯ ಗೋವೆಯ ಸ್ಮಾರಕಗಳೂ ಕೆಡುವುವೆಂಬ ಆಕ್ಷೇಪದಿಂದ ಕೆಲಸವೇ ನಿಂತು, ನ್ಯಾಯಮೂರ್ತಿ ಓಝಾ ಅವರ ವಿಚಾರಣಾ ಆಯೋಗವು 1993ರಲ್ಲಿ ಕುಳಿತಿತು.

ಆಟದಲ್ಲಿ ಆಕ್ಷೇಪವೇ ಇಲ್ಲವೆಂದಲ್ಲ. ಪ್ರತಿಯೊಂದು ಊರಿಗೂ ಒಂದು ಸ್ಥಳೀಯ ಆಡಳಿತವುಂಟು; ಮರಗಳನ್ನು ಮಿತಿಮೀರಿ ಕಡಿದರೆ ಅದು ಮುನಿದು ನಿಲ್ದಾಣಕ್ಕೆ ಅನುಮತಿಯನ್ನು ನಿರಾಕರಿಸುವುದು. ಆಗ ಧಣಿಯು ಊರಿನ ಸುತ್ತ ಸಸಿಗಳನ್ನು ನೆಟ್ಟು ಮುನಿಸನ್ನು ಕಳೆಯಬಹುದು. ಲಂಚವನ್ನು ಕೊಟ್ಟು ನೋಡಬಹುದು, ಸಿಕ್ಕಿಬಿದ್ದರೆ ಇದ್ದ ಮಾನವೂ ಹೋಗುವುದು. ತನ್ನದೇ ಪ್ರತಿಮೆಯನ್ನು ಊರಿನಲ್ಲಿ ನಿಲ್ಲಿಸುವ ಅವಕಾಶವೂ ಉಂಟು. ಪ್ರಸಂಗಕರ್ತನು ಲೋಕವನ್ನು ಅರಿಯದವನಲ್ಲವೆಂಬುದಕ್ಕೆ ಇಷ್ಟೇ ಸಾಕ್ಷಿ ಸಾಕು; ಈ ಭಾಗದಲ್ಲಿ ಹಾಸ್ಯರಸವು ಚೆನ್ನಾಗಿ ಸಿದ್ಧಿಸಿದೆ. ಆದರೆ ಅನುಮತಿ, ನಿರಾಕರಣೆ ಎಂಬ ಎರಡು ಮಾತುಗಳನ್ನುಳಿದು ಊರಿಗೆ ಮೂರನೆಯ ಮಾತು ಬಾರದು. ತಾಳಮದ್ದಳೆಯಲ್ಲಿ ಕೃಷ್ಣಸಂಧಾನದ ಕೌರವನು ಸೋಲುವವನೆಂದು ಎಲ್ಲರಿಗೂ ಗೊತ್ತಿದ್ದರೂ ಸೂಜಿಯ ಮೊನೆಯಷ್ಟು ನೆಲವನ್ನೂ ಏಕೆ ಕೊಡಲಾರೆನೆಂಬುದನ್ನು ತಾಸುಗಟ್ಟಲೆ ವಾದಿಸುವ ಹಕ್ಕು ಅವನಿಗೆ ಉಂಟಷ್ಟೆ. ಆ ವಾದವಿಲ್ಲದಿದ್ದರೆ ಕೃಷ್ಣನ ಅರ್ಥವೂ ಸಪ್ಪೆಯಾಗುವುದು. ರೈಲ್ವೆಯಾಟದಲ್ಲಿ ಒಬ್ಬನೇ ಅರ್ಥಧಾರಿ. ಎದುರು ವೇಷಗಳೆಲ್ಲ ಮುಖಕ್ಕೆ ಬಣ್ಣ ಹಚ್ಚಿಕೊಂಡು ಸುಮ್ಮನೆ ನಿಂತಿವೆ. ಪ್ರತಿಸ್ಪರ್ಧಿ ಕಂಪನಿಗಳು ಇದ್ದರೂ ಅವೂ ಧಣಿಗಳೇ. ಒಕ್ಕಲಿನ ಪರವಾಗಿ ಅವು ಬಾಯಿ ತೆರೆಯವು. ಇದನ್ನೇ ನಾವು ಈ ಪ್ರಸಂಗದ ಮುಖ್ಯ ದೋಷವೆಂದು ಎಣಿಸುವುದು. ಗುರಿಯಿಲ್ಲದ ಪ್ರಯಾಣಿಕನೂ ಬಾಯಿಲ್ಲದ ಒಕ್ಕಲೂ ಈ ಒಂದೇ ದೋಷದಿಂದ ಹುಟ್ಟಿದವರು. ಸುರಂಗಗಳನ್ನು ಕೊರೆಯುವ ಕೂಲಿಗಳಂತೂ ವೇಷವಾಗಿಯೂ ರಂಗಕ್ಕೆ ಬರುವುದಿಲ್ಲ. ಗುಂಡಿಯನ್ನು ಒತ್ತಿದೊಡನೆ ಬೆಟ್ಟವು ತಾನಾಗಿ ತೆರೆಯುವುದು. ಕೊಂಕಣ ಮಾರ್ಗವನ್ನು ಕಟ್ಟುವಾಗ ಸತ್ತವರಿಗಾಗಿ ರತ್ನಾಗಿರಿಯಲ್ಲಿ ಸ್ಮಾರಕವೊಂದಿದೆ.

ಮಳೆಯ ವಿಷಯವನ್ನು ಹೇಳದೆ ಕರಾವಳಿಯವನು ಪ್ರಬಂಧವನ್ನು ಮುಂದುವರಿಸಲಾರನು. ಆಟದ ಉಷ್ಣವಲಯದಲ್ಲಿ ನೀರು ಎರಡೇ ರೂಪದಲ್ಲಿ ಬರುವುದು. ಒಂದು, ಸೇತುವೆ ಕಟ್ಟಿ ದಾಟಬೇಕಾದ ಅಡ್ಡಿ. ಇನ್ನೊಂದು, ಮರುಭೂಮಿಯ ಊರುಗಳು ಬೆಳೆಯಲು ಒಯ್ಯಬೇಕಾದ ಸರಕು. ಋತುವಾಗಿ ಅದು ಬರುವುದೇ ಇಲ್ಲ. ಜೂನ್ ಬಂದರೂ ಜನವರಿಯ ವೇಗದಲ್ಲಿಯೇ ಗಾಡಿಗಳು ಓಡುವುವು. ಕುಂಭಾಶಿಯ ಸ್ಥಳಪುರಾಣವಾದರೋ ಮಳೆಯಿಂದಲೇ ಆರಂಭವಾಗುವುದು: ಅನಾವೃಷ್ಟಿಯಲ್ಲಿ ಅಗಸ್ತ್ಯರು ವರುಣನನ್ನು ಕುರಿತು ಯಜ್ಞಕ್ಕೆ ತೊಡಗಿದುದು, ಕುಂಭಾಸುರನು ಅದನ್ನು ಕೆಡಿಸಬಂದುದು, ವಿನಾಯಕನು ಆನೆಯ ರೂಪದಿಂದ ಭೀಮನಿಗೆ ಖಡ್ಗವನ್ನಿತ್ತುದು. ಕೊಂಕಣ ರೈಲ್ವೆಗೂ ಮಳೆಯೇ ದೊಡ್ಡ ಎದುರಾಳಿ. 2003ರ ಜೂನಿನಲ್ಲಿ ವೈಭವವಾಡಿಯ ಬಳಿ ಗುಡ್ಡ ಜರಿದು ಕಾರವಾರದಿಂದ ಮುಂಬಯಿಗೆ ಹೋಗುತ್ತಿದ್ದ ಗಾಡಿ ಹಳಿತಪ್ಪಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಮರುವರ್ಷದ ಜೂನಿನಲ್ಲಿಯೇ ಕರಂಜಾಡಿಯ ಬಳಿ ಮತ್ಸ್ಯಗಂಧಾ ಗಾಡಿಯು ಅಪಘಾತಕ್ಕೊಳಗಾಯಿತು. ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿಯನ್ನು ಇಟ್ಟು ಗಾಡಿಗಳ ವೇಗವನ್ನು ಇಳಿಸುವ ಪದ್ಧತಿ ಈ ಮಾರ್ಗದಲ್ಲಿದೆ. ಬಹುಕಾಲ ಅದು ಜೂನ್ 10ರಿಂದ ಅಕ್ಟೋಬರ್ 31ರವರೆಗೆ ನಡೆಯುತ್ತಿತ್ತು. 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ರವರೆಗೆ ನಡೆಯಿತು. ವರ್ಷದ ಮೂರರಲ್ಲೊಂದು ಭಾಗ ಹೀಗೆ ತಗ್ಗಿ ನಡೆಯುವ ದಾರಿಯೊಂದನ್ನು ಆಡಿಸುವ ಪ್ರಸಂಗವನ್ನು ಯಾರಾದರೂ ರಚಿಸಿದರೆ ಅದು ಈಗಿನದಕ್ಕಿಂತ ಕಠಿನವಾಗುವುದು, ಸ್ವಾರಸ್ಯವಾಗಿಯೂ ಇರುವುದೆಂದು ನಮ್ಮ ನಂಬಿಕೆ. ಈಗ ಆಟದಲ್ಲಿರುವ ಉತ್ಪಾತಗಳಲ್ಲಿ ಹಾರುವ ತಟ್ಟೆಗಳುಂಟು, ಗುಡ್ಡ ಜರಿಯುವುದಿಲ್ಲ.

ಇಷ್ಟನ್ನು ಕೇಳಿ, ಆಟವು ಲೋಕದ ಪಡಿಯಚ್ಚಾಗಬೇಕೆ, ಚದುರಂಗದ ಕಾಲಾಳಿಗೆ ಹೆಂಡತಿಮಕ್ಕಳಿರುವರೆ ಎಂದು ಕೆಲವರು ಕೇಳಬಹುದು. ಆಕ್ಷೇಪವು ಗಟ್ಟಿಯಾದುದೇ. ಆದರೆ ಚದುರಂಗವು ತನ್ನ ಕಾಲಾಳಿಗೆ ಊರನ್ನೂ ಹೆಸರನ್ನೂ ಕೊಟ್ಟಿಲ್ಲ. ಅವನು ಇಂಥ ಕಡೆಯಿಂದ ಹೊರಟು ಇಂಥ ಕಡೆ ಇಳಿದನೆಂದು ಹೇಳುವುದಿಲ್ಲ. ರೈಲ್ವೆಯಾಟವು ಹೇಳುತ್ತದೆ. ಊರುಗಳನ್ನು ತೋರಿಸಿ, ಅವು ರೈಲಿನಿಂದ ಬೆಳೆಯುವುದನ್ನು ತೋರಿಸಿ, ಮೊದಲ ಗಾಡಿ ಬಂದಾಗ ಊರವರು ನಲಿದರೆಂದು ಪತ್ರಿಕೆಯ ಸುದ್ದಿಯಾಗಿ ಅಚ್ಚುಹಾಕಿಸುತ್ತದೆ. ಕ್ಷೇಮೇಂದ್ರನು ಔಚಿತ್ಯವನ್ನು ವಿಚಾರಿಸಿದ ಬಗೆಯನ್ನು ಬಲ್ಲವರು ಒಪ್ಪುವರು: ಕೃತಿಯು ತಾನೇ ಎತ್ತಿಕೊಂಡ ಪ್ರತಿಜ್ಞೆಗೆ ಅದರ ಅಂಗಗಳು ಹೊಂದಬೇಕು. ಎತ್ತಿಕೊಳ್ಳದ ಪ್ರತಿಜ್ಞೆಗಾಗಿ ಅದನ್ನು ದೂಷಿಸಬಾರದು. ಆದ್ದರಿಂದಲೇ ಮಳೆಯಿಲ್ಲದಿರುವುದನ್ನು ನಾವು ಕೊರತೆಯೆಂದಷ್ಟೇ ಹೇಳುವೆವು. ಪ್ರಯಾಣಿಕನಿಗೆ ಗುರಿಯಿಲ್ಲದಿರುವುದನ್ನು ಅನೌಚಿತ್ಯವೆನ್ನುವೆವು.

ಹಾಗಾದರೆ ಇದರಲ್ಲಿ ಗುಣವಾವುದು? ನಮ್ಮ ಅಭಿಪ್ರಾಯದಲ್ಲಿ ಈ ಆಟದ ನಿಜವಾದ ಕಾವ್ಯಭಾಗವು ಹಣದ ಲೆಕ್ಕದಲ್ಲಿಲ್ಲ, ಸಿಗ್ನಲ್ಲುಗಳಲ್ಲಿದೆ. ಇದನ್ನು ಸ್ವಲ್ಪ ವಿಸ್ತರಿಸಬೇಕು; ಏಕೆಂದರೆ ಆಡದವರು ಇದನ್ನು ಕೇವಲ ಯಂತ್ರದ ವಿವರವೆಂದು ಭಾವಿಸುವ ಸಂಭವವುಂಟು.

ಒಂದೇ ಜೊತೆ ಕಂಬಿಯ ಮೇಲೆ ಎದುರುಬದುರಾಗಿ ಗಾಡಿಗಳು ಓಡಬೇಕಾದರೆ ನಡುನಡುವೆ ಒಂದು ಗಾಡಿ ಪಕ್ಕಕ್ಕೆ ಸರಿದು ನಿಲ್ಲಲು ಕವಲುದಾರಿ ಬೇಕು. ಎರಡು ಸಿಗ್ನಲ್ಲುಗಳ ನಡುವಣ ಖಂಡದಲ್ಲಿ ಒಂದು ಹೊತ್ತಿಗೆ ಒಂದೇ ಗಾಡಿಯಿರಬೇಕೆಂಬುದು ಹಳೆಯ ನಿಯಮ. ಹೊಸಬನಾದ ಆಟಗಾರನು ಸಿಗ್ನಲ್ಲುಗಳು ಹೆಚ್ಚಿದಷ್ಟೂ ಕ್ಷೇಮವೆಂದು ದಾರಿಯುದ್ದಕ್ಕೂ ಅವನ್ನು ನೆಡುವನು. ಸ್ವಲ್ಪ ಹೊತ್ತಿನಲ್ಲಿಯೇ ಎರಡು ಗಾಡಿಗಳು ಒಂಟಿ ಕಂಬಿಯ ಮೇಲೆ ಮುಖಕ್ಕೆ ಮುಖ ಕೊಟ್ಟು ನಿಲ್ಲುವುವು. ಇದು ಮುಂದೆ ಹೋಗಲೆಂದು ಅದು, ಅದು ಹೋಗಲೆಂದು ಇದು. ಅವುಗಳ ಹಿಂದೆ ಮೂರನೆಯದು, ನಾಲ್ಕನೆಯದು. ಯಾವ ಗಾಡಿಯೂ ಕೆಟ್ಟಿಲ್ಲ, ಯಾವ ನಿಯಮವೂ ಮುರಿದಿಲ್ಲ, ಆದರೂ ಇಡೀ ಸೀಮೆಯೇ ಸ್ತಬ್ಧ. ಆಗ ಆಟಗಾರನು ಕಲಿಯುವ ಸೂತ್ರವು ಇದು: ಗಾ‌ಡಿಯು ಯಾರಿಗೂ ಅಡ್ಡಿಯಾಗದಂತೆ ಎಲ್ಲಿ ನಿಂತು ಕಾಯಬಲ್ಲುದೋ ಅಲ್ಲಿ ಮಾತ್ರ ಸಿಗ್ನಲ್ಲನ್ನು ನೆಡಬೇಕು. ಈಚಿನ ಆವೃತ್ತಿಗಳಲ್ಲಿ ಗಾಡಿಯು ಹೊರಡುವ ಮೊದಲೇ ಮುಂದಣ ಕಾಯುವ ಸ್ಥಳದವರೆಗೆ ತನ್ನ ದಾರಿಯನ್ನು ಕಾದಿರಿಸಿಕೊಳ್ಳುವ ಬಗೆಯ ಸಿಗ್ನಲ್ಲುಗಳಿರುವುದರಿಂದ ಈ ಸೂತ್ರವು ಕಣ್ಣಿಗೆ ಕಾಣುವಂತಿದೆ. ಕಾದಿರಿಸಿದ ಕಂಬಿಯನ್ನು ಬೇರೆ ಬಣ್ಣದಲ್ಲಿ ತೋರಿಸಿಕೊಳ್ಳಲೂಬಹುದು.

ಈ ಭಾಗದಲ್ಲಿ ಪ್ರಸಂಗಕರ್ತನು ಧಣಿತನವನ್ನು ಮರೆತಿರುವನು. ಹಣವಿದ್ದವನಾದರೂ ಇಲ್ಲಿ ಹಣದಿಂದ ಬಿಡಿಸಿಕೊಳ್ಳಲಾರನು; ಎಂಥ ವೇಗದ ಇಂಜಿನಾದರೂ ಎದುರುಗಾಡಿ ಕವಲನ್ನು ಸೇರುವವರೆಗೆ ನಿಲ್ಲಲೇಬೇಕು. ಪ್ರತಿಯೊಂದು ಗಾಡಿಯ ಗತಿಯೂ ಉಳಿದ ಗಾಡಿಗಳ ಗತಿಯಲ್ಲಿ ಹೆಣೆದುಕೊಂಡಿರುವುದನ್ನು ಪುಸ್ತಕದ ವರ್ಣನೆಯೊಂದು ಇಷ್ಟು ಪ್ರತ್ಯಕ್ಷವಾಗಿ ತೋರಿಸಲಾರದು. ಕೊಂಕಣ ಮಾರ್ಗದ ಬಹುಭಾಗವು ಇಂದಿಗೂ ಒಂಟಿ ಕಂಬಿಯದೇ. ರೋಹಾದಿಂದ ವೀರ್ ವರೆಗಿನ ನಲವತ್ತೇಳು ಕಿಲೋಮೀಟರಿನಷ್ಟು ಭಾಗವು 2021ರಲ್ಲಿ ಜೋಡಿಯಾಯಿತು. ಇಡೀ ಮಾರ್ಗಕ್ಕೆ ವಿದ್ಯುತ್ತು 2022ರಲ್ಲಿ ಬಂದಿತು. ಸೇನಾಪುರದಲ್ಲಿಯೋ ಬಿಜೂರಿನಲ್ಲಿಯೋ ಕಾರಣ ತಿಳಿಯದೆ ಗಾಡಿ ನಿಂತಾಗ ಗೊಣಗುವ ಪ್ರಯಾಣಿಕನು ಈ ಆಟವನ್ನು ಒಂದು ವಾರ ಆಡಿದವನಾಗಿದ್ದರೆ, ಎದುರಿನಿಂದ ಬರುತ್ತಿರುವ ಗಾಡಿಯನ್ನು ಅದು ಕಾಣಿಸುವ ಮೊದಲೇ ಊಹಿಸಿಕೊಳ್ಳಬಲ್ಲನು. ಇಷ್ಟನ್ನು ಕಲಿಸುವ ಕೃತಿಗೆ ಶಾಲೆಯಲ್ಲಿ ಎಡೆ ಸಲ್ಲದೆಂದು ನಾವು ಹೇಳಲಾರೆವು. ಭೂಗೋಳದ ಪಾಠಕ್ಕೂ ಗಣಿತದ ಪಾಠಕ್ಕೂ ಇದನ್ನು ಬಳಸುವವರು ಮುಂದೆ ಬಂದರೆ ಒಳ್ಳೆಯದು. ಆದರೆ ಮಕ್ಕಳು ತಮ್ಮ ಊರಿನ ನೆಲವನ್ನೇ ಪಟವಾಗಿ ರಚಿಸಿಕೊಂಡು ಆಡುವಂತೆ ಮಾಡಬೇಕು. ಆಟದೊಡನೆ ಬರುವ ಹೆಸರಿಲ್ಲದ ಬೆಟ್ಟಗಳ ಮೇಲೆ ಆಡಿದವನಿಗೆ ಪ್ರಸಂಗದಲ್ಲಿ ಯಾರು ಮೂಕರೆಂಬುದು ಗೊತ್ತಾಗುವುದಿಲ್ಲ. ತನ್ನ ಅಜ್ಜನ ಗದ್ದೆಯ ಮೇಲೆ ಕಂಬಿಯನ್ನು ಎಳೆಯುವಾಗ ಯಾವ ಹುಡುಗನಾದರೂ ಒಂದು ಗಳಿಗೆ ಕೈತಡೆಯುವನು.

ಸಿಗ್ನಲ್ಲಿನ ಭಾಗದಲ್ಲಿಯೂ ಒಂದು ಮಾತು ಉಳಿಯುವುದು. ಕವಲಿನಲ್ಲಿ ನಿಂತ ಗಾಡಿಯೊಳಗೆ ಏನು ನಡೆಯುವುದೆಂಬುದನ್ನು ಆಟವು ತೋರಿಸದು. ಅಲ್ಲಿಯೂ ಕಾಲವು ಕಳೆದಂತೆ ಹಣವು ಇಳಿಯುತ್ತಿರುವುದಷ್ಟೇ ಅದರ ಲೆಕ್ಕ. ನಿಜವಾದ ದಾರಿಯಲ್ಲಿ ಆ ಹೊತ್ತಿಗೆ ಜನ ಬಾಗಿಲಿಗೆ ಬಂದು ನಿಲ್ಲುವರು. ಹಳಿಯ ಪಕ್ಕದ ಗದ್ದೆ ಯಾರದೆಂದು ಬಲ್ಲವನೊಬ್ಬನು ಡಬ್ಬಿಯಲ್ಲಿ ಇದ್ದೇ ಇರುವನು. ಕುಂಭಾಶಿಗೆ ಮೂಡ್ಲಕಟ್ಟೆಯಲ್ಲಿ ಇಳಿಯುವುದು ಹತ್ತಿರವೋ ಬಾರಕೂರಿನಲ್ಲೋ ಎಂದು ಹೊಸಬನೊಬ್ಬನು ಕೇಳುವನು, ಅದಕ್ಕೆ ನಾಲ್ವರು ನಾಲ್ಕು ಬಗೆಯ ಉತ್ತರ ಕೊಡುವರು.